ಅಮ್ಮನಿಲ್ಲದ ಮನೆಯಲ್ಲಿ ಅಜ್ಜಿಯ ಜೊತೆ: ಮೊದಲ ವರ್ಷವನ್ನು ಸಾಗಿಸುವ ಬಗೆ

ಹದಿಮೂರನೆಯ ದಿನದ ಊಟ ಮುಗಿದು, ಬಾಡಿಗೆಗೆ ತಂದ ಪಾತ್ರೆಗಳು ಮರಳಿಹೋಗಿ, ದೂರದ ನೆಂಟರೆಲ್ಲ ರಾತ್ರಿ ಬಸ್ಸು ಹತ್ತಿದ ಮೇಲೆ ಮನೆ ಒಮ್ಮೆಲೇ ದೊಡ್ಡದಾಗಿಬಿಡುತ್ತದೆ. ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಆ ರಾತ್ರಿ ಉಳಿದವರು ಇಬ್ಬರೇ, 24 ವರ್ಷದ ನಾನು ಮತ್ತು 78 ವರ್ಷದ ಅಜ್ಜಿ. ನಾನು ಅಮ್ಮನನ್ನು ಕಳೆದುಕೊಂಡಿದ್ದೆ, ಅಜ್ಜಿ ಇದ್ದೊಬ್ಬ ಮಗಳನ್ನು ಕಳೆದುಕೊಂಡಿದ್ದಳು. ಮಾರನೆಯ ಬೆಳಿಗ್ಗೆ ಕಾಫಿಗೆ ಮೂರು ಲೋಟ ಇಟ್ಟವಳು ಅಜ್ಜಿ, ಒಂದನ್ನು ಸದ್ದಿಲ್ಲದೆ ತೆಗೆದು ಕಪಾಟಿನಲ್ಲಿಟ್ಟದ್ದು ನಾನು. ಅದನ್ನು ಇಬ್ಬರೂ ನೋಡಿದೆವು, ಇಬ್ಬರೂ ಏನೂ ಹೇಳಲಿಲ್ಲ.

ಹೆತ್ತವರನ್ನು ಕಳೆದುಕೊಂಡು ಅಜ್ಜ ಅಥವಾ ಅಜ್ಜಿಯ ಜೊತೆ ಒಂದೇ ಸೂರಿನಡಿ ಉಳಿದ ಎಳೆಯ ವಯಸ್ಸಿನವರಿಗಾಗಿ ಈ ಲೇಖನ. ನನಗೆ ತಿಳಿದದ್ದರಲ್ಲಿ ಮುಖ್ಯವಾದ ಮಾತು ಒಂದೇ. ಒಬ್ಬರು ಇನ್ನೊಬ್ಬರನ್ನು ಸಮಾಧಾನಪಡಿಸುವ ಹೊಣೆ ಹೊರಬೇಡಿ, ಬದಲಿಗೆ ಇಬ್ಬರೂ ಕೂತು ಮಾಡಬಹುದಾದ ಕೆಲಸವೊಂದನ್ನು ಹಿಡಿಯಿರಿ. ಇದನ್ನು ಕಲಿಯಲು ನಾವು ನಾಲ್ಕೈದು ತಿಂಗಳು ಸುಮ್ಮನೆ ಕಳೆದೆವು.

ಇಬ್ಬರ ದುಃಖ ಒಂದೇ ಅಲ್ಲ

ಮೊದಲು ಒಪ್ಪಿಕೊಳ್ಳಬೇಕಾದದ್ದು ಇದನ್ನು. ತೀರಿಹೋದವರು ಒಬ್ಬರೇ ಆದರೂ ನಿಮ್ಮಿಬ್ಬರ ಪಾಲಿಗೆ ಅವರು ಒಬ್ಬರಲ್ಲ. ಅಜ್ಜಿಯ ನೆನಪಿನಲ್ಲಿರುವವಳು ಎರಡು ಜಡೆ ಹಾಕಿಕೊಂಡು ಗದ್ದೆಯ ಅಂಚಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ. ನಿಮ್ಮ ನೆನಪಿನಲ್ಲಿರುವವರು ಚಿಕ್ಕ ವಯಸ್ಸೇ ಇರದಿದ್ದ ಒಬ್ಬ ಅಮ್ಮ. ಇದರ ಮೇಲೆ, ಮಕ್ಕಳಿಗಿಂತ ಮೊದಲು ಹೋಗಬೇಕಾದವಳು ತಾನು ಎಂಬ ಲೆಕ್ಕ ಅಜ್ಜಿಯ ಮನಸ್ಸಿನಲ್ಲಿ ಸದಾ ನಡೆಯುತ್ತಿರುತ್ತದೆ. ಹೊರೆ ಯಾರದು ಹೆಚ್ಚು ಎಂದು ತೂಗಲು ಹೋದರೆ ಜಗಳವಾಗುತ್ತದೆ. ನಮ್ಮಲ್ಲಿ ಆಯಿತು ಕೂಡ.

ಇಬ್ಬರ ದುಃಖದ ಹೊತ್ತೂ ಒಂದೇ ಆಗಿರುವುದಿಲ್ಲ. ನೀವು ಅಳುತ್ತಿರುವ ಸಂಜೆ ಅಜ್ಜಿ ಟಿವಿಯ ಧಾರಾವಾಹಿಯಲ್ಲಿ ಮುಳುಗಿರಬಹುದು, ನೀವು ಗೆಳೆಯರ ಜೊತೆ ಫೋನಿನಲ್ಲಿ ನಗುತ್ತಿರುವಾಗ ಅವಳು ಒಳಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರಬಹುದು. ಆಗ ಇವರಿಗೆ ನೋವೇ ಇಲ್ಲವೇ ಎಂದು ಇಬ್ಬರಿಗೂ ಅನ್ನಿಸುತ್ತದೆ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಸ್ಖುಟ್ ಎಂಬ ಸಂಶೋಧಕರು 1999ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ನನಗೆ ಬಹಳ ನೆರವಾಯಿತು. ದುಃಖದಲ್ಲಿರುವವರು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಇನ್ನೊಮ್ಮೆ ಬದುಕನ್ನು ಮತ್ತೆ ಹೊಂದಿಸಿಕೊಳ್ಳುವ ಕೆಲಸದ ಕಡೆಗೆ, ಹೀಗೆ ಎರಡರ ನಡುವೆ ಓಲಾಡುತ್ತಲೇ ಇರುತ್ತಾರೆ, ಆ ಓಲಾಟವೇ ಆರೋಗ್ಯದ ಲಕ್ಷಣ ಎನ್ನುತ್ತದೆ ಅವರ ಸಿದ್ಧಾಂತ. ಅಜ್ಜಿ ಧಾರಾವಾಹಿ ನೋಡುತ್ತಿದ್ದರೆ ಮಗಳನ್ನು ಮರೆತಿದ್ದಾಳೆಂದಲ್ಲ, ಅರ್ಧ ಗಂಟೆ ಉಸಿರಾಡಿಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಕೂತು ನೀವೂ ನೋಡಿ.

ಮೊದಲ ತಿಂಗಳು: ಊಟ, ನಿದ್ದೆ, ಮಾತ್ರೆ

ಮೊದಲ ತಿಂಗಳಲ್ಲಿ ಮನಸ್ಸಿನ ಮಾತಿಗಿಂತ ಹೊಟ್ಟೆಯ ಮಾತು ಮುಖ್ಯ. ದುಃಖದಲ್ಲಿರುವ ಹಿರಿಯರು ಊಟವನ್ನು ಬಿಡುವುದು ಬಹಳ ಸುಲಭ. "ಹಸಿವಿಲ್ಲ ಪುಟ್ಟಾ, ನೀನು ತಿನ್ನು" ಎಂದು ಅವರು ಅನ್ನುತ್ತಾರೆ, ಅವರು ತಿನ್ನಲಿಲ್ಲವೆಂದು ನೀವೂ ತಿನ್ನುವುದಿಲ್ಲ. ದೊಡ್ಡ ಅಡುಗೆಯ ಯೋಚನೆ ಬಿಟ್ಟುಬಿಡಿ. ಗಂಜಿ, ಮೆಣಸಿನ ಸಾರು, ಒಂದೆಲಗದ ತಂಬುಳಿ, ಮೊಸರನ್ನ, ಇಷ್ಟಿದ್ದರೆ ಸಾಕು. ಆದರೆ ಹೊತ್ತು ತಪ್ಪಬಾರದು, ಇಬ್ಬರೂ ಒಟ್ಟಿಗೆ ಕೂರಬೇಕು. "ಅಜ್ಜಿ, ಊಟ ಮಾಡ್ತೀಯಾ?" ಎಂದು ಕೇಳಿದರೆ ಬೇಡ ಎಂಬ ಉತ್ತರವೇ ಬರುತ್ತದೆ. ಎರಡು ತಟ್ಟೆ ಹಾಕಿ, ಬಡಿಸಿ, "ಬಾ ಅಜ್ಜಿ" ಎಂದು ಕರೆಯಿರಿ, ಬರುತ್ತಾಳೆ.

ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಇದುವರೆಗೆ ಯಾರು ಕೊಡುತ್ತಿದ್ದರು ಎಂಬುದನ್ನು ಮೊದಲ ವಾರದಲ್ಲೇ ಯೋಚಿಸಿ. ಬಹಳ ಮನೆಗಳಲ್ಲಿ ಆ ಕೆಲಸ ತೀರಿಹೋದವರದೇ ಆಗಿರುತ್ತದೆ. ನಮ್ಮಲ್ಲಿ ಹನ್ನೆರಡು ದಿನ ಯಾರಿಗೂ ಅದು ಹೊಳೆಯಲೇ ಇಲ್ಲ, ಅಜ್ಜಿಗೆ ತಲೆ ಸುತ್ತು ಬಂದು ಬಚ್ಚಲುಮನೆಯ ಬಾಗಿಲು ಹಿಡಿದು ಕೂತಾಗಲಷ್ಟೇ ಗೊತ್ತಾಯಿತು. ವಾರದ ಏಳು ದಿನಕ್ಕೂ ಬೇರೆ ಬೇರೆ ಗೂಡಿರುವ ಮಾತ್ರೆ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಭಾನುವಾರ ಸಂಜೆ ಇಬ್ಬರೂ ಸೇರಿ ಅದನ್ನು ತುಂಬಿಸಿ, ಚೀಟಿಯ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಮಲಗುವ ವ್ಯವಸ್ಥೆಯನ್ನೂ ಬಾಯಿಬಿಟ್ಟು ಮಾತಾಡಿಯೇ ತೀರ್ಮಾನಿಸಿ. ಅಜ್ಜಿಗೆ ಒಬ್ಬಳೇ ಮಲಗಲು ಭಯವಿರಬಹುದು, ನಿಮಗೂ ಇರಬಹುದು, ಇಬ್ಬರೂ ಇನ್ನೊಬ್ಬರಿಗೆ ತೊಂದರೆಯಾದೀತೆಂದು ಹೇಳದೆ ಉಳಿಯಬಹುದು. ನಾನು ನಡುಮನೆಯಲ್ಲಿ ಅವಳ ಮಂಚದ ಪಕ್ಕ ಹಾಸಿಗೆ ಹಾಸಿಕೊಂಡೆ, ಬಚ್ಚಲಿಗೆ ಹೋಗುವ ದಾರಿಗೆ ಸಣ್ಣ ದೀಪ ಹಾಕಿಸಿದೆ. ಕಿವಿ ಮಂದವಾಗಿರುವವರ ಜೊತೆ ಕತ್ತಲಲ್ಲಿ ಮಾತಾಡುವುದು ಕಷ್ಟ, ಏಕೆಂದರೆ ಅವರು ಅರ್ಧ ಮಾತನ್ನು ತುಟಿ ನೋಡಿಯೇ ಗ್ರಹಿಸುತ್ತಾರೆ. ಆ ದೀಪ ಅದಕ್ಕೂ ಆಯಿತು.

ಕೈಗೊಂದು ಕೆಲಸ

ಜೊತೆ ಕೂತು ಮಾಡುವ ಕೆಲಸದಲ್ಲಿ ಒಂದು ಅನುಕೂಲವಿದೆ. ಕಣ್ಣು ಕೈಯ ಮೇಲಿರುತ್ತದೆ, ಆದ್ದರಿಂದ ಮುಖ ನೋಡಿ ಹೇಳಲಾಗದ ಮಾತು ತಾನಾಗಿಯೇ ಹೊರಬರುತ್ತದೆ, ಬರದಿದ್ದರೂ ಮೌನ ಭಾರವಾಗುವುದಿಲ್ಲ. ಕೆಲಸವನ್ನು ಆರಿಸುವಾಗ ಅಜ್ಜಿ ಗುರುವಾಗಿ ನೀವು ಶಿಷ್ಯರಾಗುವಂಥದ್ದನ್ನು ನೋಡಿ. ಮಗಳನ್ನು ಕಳೆದುಕೊಂಡು ಮೊಮ್ಮಕ್ಕಳ ಆಸರೆಯಲ್ಲಿ ಬದುಕಬೇಕಾದವಳಿಗೆ ತಾನು ಹೊರೆ ಎಂಬ ಭಾವನೆ ಬೇಗ ಬರುತ್ತದೆ. ಅವಳಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ವಿದ್ಯೆಯೊಂದು ಮನೆಯಲ್ಲಿ ನಡೆಯತೊಡಗಿದರೆ ಆ ಭಾವನೆ ಎಷ್ಟೋ ಕಡಿಮೆಯಾಗುತ್ತದೆ.

ಮೊದಲು ಬಟ್ಟೆಯ ವಿಷಯ ಹೇಳುತ್ತೇನೆ, ನಾನು ಎಡವಿದ್ದು ಅಲ್ಲೇ. ಇಪ್ಪತ್ತನೆಯ ದಿನ ಅಜ್ಜಿ ಮಧ್ಯಾಹ್ನ ಮಲಗಿದ್ದಾಗ, ಅವಳ ಕಣ್ಣಿಗೆ ಬೀಳದಿರಲೆಂದು ಅಮ್ಮನ ಸೀರೆಗಳನ್ನೆಲ್ಲ ಮೂಟೆ ಕಟ್ಟಿ ನೆಂಟರೊಬ್ಬರ ಕಾರಿಗೆ ಹಾಕಿಬಿಟ್ಟೆ. ಉಪಕಾರವೆಂದೇ ಎಣಿಸಿದ್ದೆ. ಎದ್ದು ಬಂದ ಅಜ್ಜಿ ಖಾಲಿ ಬೀರುವಿನ ಮುಂದೆ ಬಹಳ ಹೊತ್ತು ನಿಂತಳು, ಕೊನೆಗೆ ಕೇಳಿದ್ದು ಒಂದೇ ಮಾತು: "ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ತೊಳೆದು ಹಿತ್ತಿಲ ತಂತಿಯ ಮೇಲೆ ಹಾಕಿದ್ದ ಎರಡು ನೂಲಿನ ಸೀರೆಗಳು ಮಾತ್ರ ಉಳಿದಿದ್ದವು.

ಹಾಗಾಗಿ ನನ್ನ ಸಲಹೆ ಹೀಗಿದೆ. ಮೊದಲ ಮೂರು ತಿಂಗಳು ಬೀರುವನ್ನು ಮುಟ್ಟಬೇಡಿ. ಅನಂತರ ಒಂದು ದಿನಕ್ಕೆ ಒಂದೇ ಅಟ್ಟಣೆ ತೆಗೆಯಿರಿ, ಅರ್ಧ ಗಂಟೆಗಿಂತ ಹೆಚ್ಚು ಬೇಡ. ಇಟ್ಟುಕೊಳ್ಳುವುದು, ಕೊಡುವುದು, ಈಗ ಹೇಳಲಾಗದ್ದು ಎಂದು ಮೂರು ರಾಶಿ ಮಾಡಿ. ಮೂರನೆಯ ರಾಶಿ ಎಷ್ಟು ದೊಡ್ಡದಾದರೂ ಚಿಂತೆಯಿಲ್ಲ. ಯಾವ ಸೀರೆ ಯಾರಿಗೆ ಎಂಬುದನ್ನು ಅಜ್ಜಿಯೇ ಹೇಳಲಿ, ಪ್ರತಿಯೊಂದಕ್ಕೂ ಅವಳ ಬಳಿ ಒಂದು ಕತೆಯಿರುತ್ತದೆ, ಅದನ್ನು ಕೇಳುವುದೇ ಈ ಕೆಲಸದ ಮುಕ್ಕಾಲು ಭಾಗ. ಉಳಿದ ಆ ಎರಡು ನೂಲಿನ ಸೀರೆಯಿಂದ ನಾವು ಕೌದಿ ಹೊಲಿದೆವು. ಅಜ್ಜಿ ಹರಿದು ಅಳತೆ ಕೊಟ್ಟಳು, ಸೂಜಿಗೆ ದಾರ ಪೋಣಿಸುವುದು ಅವಳ ಕಣ್ಣಿಗಾಗದ್ದರಿಂದ ಹತ್ತು ಸೂಜಿಗೆ ಬೆಳಿಗ್ಗೆಯೇ ದಾರ ಹಾಕಿ ದಿಂಬಿಗೆ ಚುಚ್ಚಿಡುತ್ತಿದ್ದೆ. ನನ್ನ ಹೊಲಿಗೆ ಇಂದಿಗೂ ಸೊಟ್ಟಗಿದೆ, ಕೌದಿಯ ಯಾವ ಭಾಗ ಯಾರದೆಂದು ದೂರದಿಂದಲೇ ಹೇಳಬಹುದು.

ಎರಡನೆಯದು ಅಡುಗೆಮನೆಯ ವರ್ಷಾವಧಿ ಕೆಲಸಗಳು. ಮಲೆನಾಡಿನಲ್ಲಿ ಬೇಸಿಗೆ ಹತ್ತಿರ ಬಂದಂತೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ, ಬರುತ್ತದೆ. ಉಪ್ಪಿನಕಾಯಿ ಹಾಕುವುದು ನಮ್ಮಲ್ಲಿ ಅಮ್ಮನ ಕೈಕೆಲಸವಾಗಿತ್ತು, ಅಮ್ಮನಿಗೆ ಕಲಿಸಿದವಳು ಅಜ್ಜಿ, ನಡುವಿನ ಕೊಂಡಿ ಕಳಚಿಹೋಗಿತ್ತು. ಮಿಡಿಯ ತೊಟ್ಟನ್ನು ಪೂರ್ತಿ ಕೀಳದೆ ಚೂರು ಉಳಿಸಿ ಮುರಿಯಬೇಕು, ಸೊನೆಯಲ್ಲೇ ಪರಿಮಳವಿರುವುದು. ತೊಳೆದು, ನೀರಿನ ಪಸೆ ಇಲ್ಲದಂತೆ ಬಟ್ಟೆಯ ಮೇಲೆ ಆರಿಸಿ, ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತ ಹೋಗಬೇಕು. ಮುಂದಿನ ಹತ್ತು ಹದಿನೈದು ದಿನ ಜಾಡಿಯನ್ನು ಪ್ರತಿದಿನ ಅಲುಗಾಡಿಸಬೇಕು. ಮಿಡಿ ಸುಕ್ಕಾದ ಮೇಲೆ ಉಪ್ಪುನೀರನ್ನು ಕುದಿಸಿ, ಆರಿಸಿ, ಸಾಸಿವೆ, ಒಣಮೆಣಸು, ಅರಿಶಿನವನ್ನು ಬೀಸಿ ಬೆರೆಸಬೇಕು. ದುಃಖದ ಮನೆಗೆ ಇದು ಹೇಳಿ ಮಾಡಿಸಿದ ಕೆಲಸ ಅನ್ನಿಸಿದ್ದು ಆ ಹದಿನೈದು ದಿನಗಳ ಕಾರಣಕ್ಕೆ. ನಾಳೆ ಬೆಳಿಗ್ಗೆ ಏಳಲು ಜಾಡಿಯೊಂದು ಕಾದಿರುತ್ತದೆ.

ಅಡುಗೆ, ಹೊಲಿಗೆ ಇಬ್ಬರಿಗೂ ಆಗದಿದ್ದರೆ ಅಟ್ಟದ ಮೇಲಿನ ಅಳಗುಳಿಮಣೆಯನ್ನು ಇಳಿಸಿ. ಎರಡು ಸಾಲಿನಲ್ಲಿ ಏಳೇಳು ಗುಳಿ, ಕೈಯಲ್ಲಿ ಹುಣಸೆಬೀಜ, ಮಾತಿನ ಅಗತ್ಯವೇ ಇಲ್ಲದ ಆಟ. ಅಜ್ಜಂದಿರ ಜೊತೆಗಾದರೆ ಚೌಕಾಬಾರವೋ, ತೋಟದಲ್ಲಿ ಒಂದು ಸುತ್ತು ತಿರುಗಾಟವೋ ಆದೀತು. ಗಂಡಸರು ಕೂತು ಮಾತಾಡುವುದಕ್ಕಿಂತ ನಡೆಯುತ್ತ ಮಾತಾಡುವುದೇ ಹೆಚ್ಚು.

ಹೆಸರು ಹಿಡಿದು ಮಾತಾಡಿ

ತೀರಿಹೋದವರ ಹೆಸರನ್ನು ಎತ್ತಿದರೆ ಅಜ್ಜಿ ಅಳುತ್ತಾಳೆಂದು ಸುಮ್ಮನಿರಬೇಡಿ. ಎತ್ತದಿದ್ದರೆ ಅವಳು ಒಬ್ಬಳೇ ಅಳುತ್ತಾಳೆ, ಅಷ್ಟೇ ವ್ಯತ್ಯಾಸ. "ಅಮ್ಮನ ನೆನಪಾಗುತ್ತಾ?" ಎಂಬಂತಹ ದೊಡ್ಡ ಪ್ರಶ್ನೆಗೆ ಉತ್ತರವಿರುವುದಿಲ್ಲ. "ಅಮ್ಮ ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಶಾಲೆಗೆ ಹೇಗೆ ಹೋಗುತ್ತಿದ್ದಳು?" ಎಂದು ಕೇಳಿ ನೋಡಿ, ಕಂಬಳಿಕೊಪ್ಪೆಯಿಂದ ಶುರುವಾಗಿ ಹಳ್ಳ ದಾಟುವ ಸಂಕ (ಕಾಲುಸೇತುವೆ) ಕೊಚ್ಚಿಹೋದ ವರ್ಷದವರೆಗೂ ಮಾತು ಸಾಗುತ್ತದೆ. ಹಳೆಯ ಫೋಟೋಗಳನ್ನು ಹರಡಿಕೊಂಡು ಯಾರು, ಯಾವ ಮದುವೆ, ಯಾವ ವರ್ಷ ಎಂದು ಕೇಳಿ, ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಮುಂದಕ್ಕೆ ಹಾಯುತ್ತದೆ. ಅವಳ ಒಪ್ಪಿಗೆ ಪಡೆದು ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ.

ಅಮ್ಮನ ಮೊಬೈಲಿನಲ್ಲಿರುವ ಫೋಟೋ, ವಾಟ್ಸಾಪ್‌ನ ಧ್ವನಿ ಸಂದೇಶಗಳನ್ನು ಬೇರೆಡೆಗೆ ಉಳಿಸಿಕೊಳ್ಳುವವರೆಗೆ ಆ ಸಂಖ್ಯೆಯ ರೀಚಾರ್ಜ್ ನಿಲ್ಲಿಸಬೇಡಿ. ನಿಲ್ಲಿಸಿದ ಕೆಲವು ತಿಂಗಳಲ್ಲಿ ಸಂಖ್ಯೆ ರದ್ದಾಗಿ ಬೇರೆಯವರ ಪಾಲಾಗುತ್ತದೆ. ಅಜ್ಜಿ ಒಂದು ಮಧ್ಯಾಹ್ನ ಮಗಳ ಸಂಖ್ಯೆಗೆ ಕರೆ ಮಾಡಿದರೆ ಆ ಕಡೆ ಯಾರೋ ಅಪರಿಚಿತರು "ಹಲೋ" ಎನ್ನುವುದು ಬೇಡ.

"ಧೈರ್ಯವಾಗಿರು", "ಎಲ್ಲಾ ಹಣೆಬರಹ", "ನೀನು ಅತ್ತರೆ ಅವಳ ಆತ್ಮಕ್ಕೆ ಶಾಂತಿ ಸಿಗುವುದಿಲ್ಲ" ಎಂಬ ಮಾತುಗಳನ್ನು ಹೊರಗಿನವರು ಧಾರಾಳವಾಗಿ ಹೇಳಿರುತ್ತಾರೆ, ನೀವಿಬ್ಬರಾದರೂ ಒಬ್ಬರಿಗೊಬ್ಬರು ಹೇಳಬೇಡಿ. ಅಜ್ಜಿ "ಅವಳ ಬದಲು ದೇವರು ನನ್ನನ್ನು ಕರೆದುಕೊಳ್ಳಬಾರದಿತ್ತೇ" ಎಂದಾಗ "ಹಾಗೆಲ್ಲ ಅನ್ನಬೇಡ" ಎಂದು ಬಾಯಿ ಮುಚ್ಚಿಸುವುದು ಸಹಜ, ಆದರೆ ಅದರಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಕೊನೆಗೆ ಕಲಿತದ್ದು "ನನಗೆ ನೀನೂ ಬೇಕಿತ್ತು, ಅವಳೂ ಬೇಕಿತ್ತು ಅಜ್ಜಿ" ಎನ್ನುವುದನ್ನು. ಅದು ಸುಳ್ಳೂ ಅಲ್ಲ, ಉಪದೇಶವೂ ಅಲ್ಲ.

ಕಾಗದಪತ್ರ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು 1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುತ್ತದೆ. ಪ್ರಮಾಣಪತ್ರದ ಐದಾರು ಪ್ರತಿಗಳನ್ನು ಒಮ್ಮೆಗೇ ತೆಗೆದುಕೊಳ್ಳಿ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಜಮೀನಿದ್ದರೆ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಲ್ಲಿದ್ದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅದು ಬೇಕಾಗುತ್ತದೆ.

ಆಸ್ತಿಯ ಮಾತಿನಲ್ಲಿ ಮೊಮ್ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿಯೊಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ಗಂಡಸು ತೀರಿಕೊಂಡರೆ ಅವನ ಹೆಂಡತಿ ಮಕ್ಕಳ ಜೊತೆಗೆ ಅವನ ತಾಯಿಯೂ ಮೊದಲ ವರ್ಗದ ವಾರಸುದಾರಳು. ಅಂದರೆ ತೀರಿಹೋದವರು ನಿಮ್ಮ ತಂದೆಯಾಗಿದ್ದರೆ ಅಜ್ಜಿಗೂ ಪಾಲಿದೆ. ಹೆಂಗಸು ತೀರಿಕೊಂಡರೆ ಮೊದಲ ಹಕ್ಕು ಮಕ್ಕಳದು ಮತ್ತು ಗಂಡನದು, ಅವರು ಇರುವಾಗ ಹೆತ್ತವರಿಗೆ ಬರುವುದಿಲ್ಲ. ಬೇರೆ ಧರ್ಮದವರಿಗೆ ಬೇರೆ ಕಾನೂನುಗಳಿವೆ. ಕಾನೂನು ಏನೇ ಹೇಳಲಿ, ಪೂರ್ತಿ ಓದಿ ಹೇಳದ ಕಾಗದಕ್ಕೆ ಅಜ್ಜಿಯ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಡಿ, ಬೇರೆಯವರು ಹಾಕಿಸದಂತೆಯೂ ನೋಡಿಕೊಳ್ಳಿ.

ಅಜ್ಜಿಗೆ ಪಿಂಚಣಿ ಬರುತ್ತಿದ್ದರೆ ನವೆಂಬರ್ ತಿಂಗಳನ್ನು ಗುರುತು ಹಾಕಿಕೊಳ್ಳಿ. ಸರ್ಕಾರಿ ಪಿಂಚಣಿದಾರರು ಸಾಮಾನ್ಯವಾಗಿ ಆ ತಿಂಗಳಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮೊಬೈಲಿನಿಂದಲೇ ಮುಖ ತೋರಿಸಿ ಮುಗಿಸಬಹುದು, ಅಂಚೆಯವರು ಮನೆಗೆ ಬಂದು ಮಾಡಿಕೊಡುವ ಸೇವೆಯೂ ಇದೆ. ಪ್ರತಿವರ್ಷ ಅಜ್ಜಿಯನ್ನು ಸಾಗರಕ್ಕೆ ಕರೆದೊಯ್ಯುತ್ತಿದ್ದುದು ಅಮ್ಮ. ಆ ವರ್ಷ ಮೊಬೈಲನ್ನು ಅಜ್ಜಿಯ ಮುಖಕ್ಕೆ ಹಿಡಿದು "ಕಣ್ಣು ಮಿಟುಕಿಸು ಅಜ್ಜಿ" ಎಂದಾಗ ಅವಳು, "ಬದುಕಿದ್ದೀನಿ ಅಂತ ಇದಕ್ಕೂ ಸಾಕ್ಷಿ ಬೇಕಾ?" ಎಂದು ನಕ್ಕಳು. ಅಮ್ಮ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ನಿಮ್ಮದೂ ಒಂದು ಬದುಕಿದೆ

ಅಜ್ಜಿಯನ್ನು ಒಬ್ಬಳೇ ಬಿಡಬಾರದೆಂದು ಕೆಲಸ ಬಿಟ್ಟು ಊರಿಗೆ ಬರುವುದು, ಇಲ್ಲವೇ ಅವಳನ್ನು ಮರುತಿಂಗಳೇ ಬೆಂಗಳೂರಿನ ಮೂರನೆಯ ಮಹಡಿಯ ಮನೆಗೆ ಕರೆದೊಯ್ಯುವುದು, ಎರಡೂ ಅವಸರದ ತೀರ್ಮಾನಗಳು. ಮಗಳ ಜೊತೆಗೆ ಮನೆ, ಹಿತ್ತಿಲು, ಪಕ್ಕದ ಮನೆಯವರ ಜಗಳ ಎಲ್ಲವನ್ನೂ ಒಟ್ಟಿಗೆ ಕಳೆದುಕೊಂಡರೆ ಅವಳಿಗೆ ಉಳಿಯುವುದೇನು? ಸಾಧ್ಯವಾದರೆ ಆರು ತಿಂಗಳಾದರೂ ತಾತ್ಕಾಲಿಕ ವ್ಯವಸ್ಥೆಯಲ್ಲೇ ಇರಿ. ನಾನು ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡಿದೆ, ಅನಂತರ ಹದಿನೈದು ದಿನಕ್ಕೊಮ್ಮೆ ಬರತೊಡಗಿದೆ. ರಾತ್ರಿ ಎಂಟಕ್ಕೆ ಫೋನು ಎಂದು ಗೊತ್ತುಮಾಡಿದೆವು, ಎಂಟೂಕಾಲಿನವರೆಗೂ ಎತ್ತದಿದ್ದರೆ ಪಕ್ಕದ ಮನೆಯ ಅತ್ತಿಗೆ ಹೋಗಿ ನೋಡುವುದೆಂದು ಮಾತಾಯಿತು.

ಗೆಳೆಯರ ಮುಂದೆ ಅಳಿ. ಅಜ್ಜಿಯ ಹೆಗಲು ಎಲ್ಲದಕ್ಕೂ ಸಾಲುವುದಿಲ್ಲ, ನಿಮ್ಮದೂ ಅವಳಿಗೆ ಸಾಲುವುದಿಲ್ಲ. ಅವಳಿಗೆ ಅವಳದೇ ವಯಸ್ಸಿನವರು ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲವಾದ್ದರಿಂದ, ಗುರುತಿನ ಚೀಟಿ ಕೈಚೀಲದಲ್ಲಿಟ್ಟು ತಂಗಿಯ ಮನೆಗೋ ಇಕ್ಕೇರಿಯ ದೇವಸ್ಥಾನಕ್ಕೋ ಕಳಿಸಿಕೊಡಿ. ನಮ್ಮ ಅಜ್ಜಿ ಹೋಗಿ ಬಂದು ಎರಡು ದಿನ ಬಸ್ಸಿನ ನೂಕುನುಗ್ಗಲನ್ನು ಬೈದಳು, ಆ ಎರಡು ದಿನ ಮನೆಯಲ್ಲಿ ಬೇರೆ ದುಃಖದ ಮಾತೇ ಇರಲಿಲ್ಲ.

ನೆರವು ಕೇಳಬೇಕಾದ ಹೊತ್ತು

ಅಳು, ನಿದ್ದೆಗೇಡು, ಕೋಪ, ಯಾವುದರಲ್ಲೂ ಮನಸ್ಸಿಲ್ಲದಿರುವುದು ಮೊದಲ ತಿಂಗಳುಗಳಲ್ಲಿ ಕಾಯಿಲೆಯಲ್ಲ. ಆದರೆ ತೀವ್ರತೆ ಸ್ವಲ್ಪವೂ ಇಳಿಯದೆ ದಿನನಿತ್ಯದ ಬದುಕು ನಿಂತೇಹೋಗಿದ್ದರೆ ಅದನ್ನು ದೀರ್ಘಕಾಲದ ದುಃಖದ ತೊಂದರೆಯೆಂದು ವೈದ್ಯರು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿಯಿದೆ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ವಯಸ್ಕರಿಗೆ ಒಂದು ವರ್ಷ. ಅದರರ್ಥ ಅಲ್ಲಿಯವರೆಗೆ ಕಾಯಬೇಕೆಂದಲ್ಲ. ತೂಕ ಇಳಿಯುತ್ತಿದ್ದರೆ, ಮಾತ್ರೆ ನಿರಾಕರಿಸುತ್ತಿದ್ದರೆ, ಸಾಯುವ ದಾರಿಯ ಬಗ್ಗೆಯೇ ಮಾತು ಬರುತ್ತಿದ್ದರೆ ಅದೇ ದಿನ ನೆರವು ಪಡೆಯಿರಿ. ನಿಮಗೆ ಹಾಗೆ ಅನ್ನಿಸುತ್ತಿದ್ದರೂ ಇದೇ ಮಾತು.

ಹಿರಿಯರಲ್ಲಿ ಖಿನ್ನತೆ ಎಷ್ಟೋ ಸಲ ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಹಾಗಾಗಬಹುದು. ಆದ್ದರಿಂದ "ವಯಸ್ಸಾಯಿತು" ಎಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಕಿರುಕುಳ, ಪಿಂಚಣಿ, ಆರೈಕೆಯ ವಿಚಾರಗಳಿಗೆ 14567 ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ಹಬ್ಬ, ಮಾಸಿಕ, ವರ್ಷಾಂತಿಕ

ಸಾವಿನ ನಂತರದ ಆಚರಣೆ ಒಂದೊಂದು ಸಮುದಾಯದಲ್ಲಿ ಒಂದೊಂದು ಬಗೆ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬ ತೀರ್ಮಾನ ಅಜ್ಜಿಯದಾಗಿರಲಿ, ಓಡಾಟ ನಿಮ್ಮದಾಗಿರಲಿ. ಹಬ್ಬ ಮಾಡದ ಆ ವರ್ಷದಲ್ಲಿ ಹಬ್ಬದ ದಿನ ಮಾತ್ರ ಕ್ಯಾಲೆಂಡರಿನಲ್ಲಿ ಬಂದೇ ಬರುತ್ತದೆ, ಪಕ್ಕದ ಮನೆಯಿಂದ ಒಗ್ಗರಣೆಯ ಘಮವೂ ಬರುತ್ತದೆ. ಅಂಥ ದಿನಗಳನ್ನು ಮುಂಚೆಯೇ ಗುರುತು ಮಾಡಿಕೊಳ್ಳಿ: ದೀಪಾವಳಿ, ಯುಗಾದಿ, ತೀರಿಹೋದವರ ಹುಟ್ಟಿದ ದಿನ, ಮಹಾಲಯ ಅಮಾವಾಸ್ಯೆ. ಆ ದಿನ ಊರಲ್ಲೇ ಇರಿ, ಇರಲಾಗದಿದ್ದರೆ ಎಂಟು ಗಂಟೆಯವರೆಗೆ ಕಾಯದೆ ಬೆಳಿಗ್ಗೆಯೇ ಫೋನು ಮಾಡಿ.

ವರ್ಷಾಂತಿಕದ ಹಿಂದಿನ ರಾತ್ರಿ ಅಜ್ಜಿ ಅಡುಗೆಯ ಪಟ್ಟಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಕೊನೆಯಲ್ಲಿ, ಅಮ್ಮನಿಗೆ ಇಷ್ಟವೆಂದು ನಾವೇ ಹಾಕಿದ ಅಪ್ಪೆಮಿಡಿಯನ್ನೂ ಎಲೆಯ ತುದಿಗೆ ಬಡಿಸಬೇಕೆಂದಳು. ಜಾಡಿ ತೆರೆದು ಒಂದು ಮಿಡಿಯನ್ನು ಅವಳ ಅಂಗೈಗೆ ಹಾಕಿದೆ. ಕಚ್ಚಿ ನೋಡಿ, ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಅವಳು ಇನ್ನೊಂಚೂರು ಉಪ್ಪು ಹಾಕುತ್ತಿದ್ದಳು. ಬರುವ ವರ್ಷ ನೋಡೋಣ."